ಮನೆಯ ಪತ್ರದಲ್ಲಿ ಆರೈಕೆಯ ಕಲಮು

ಧಾರವಾಡದಲ್ಲಿ ದತ್ತಿ ಇಡುವವರಿಗೆ ಕೊರತೆಯಿಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ವರ್ಷವಿಡೀ ಒಂದಿಲ್ಲೊಂದು ದತ್ತಿ ಉಪನ್ಯಾಸ ನಡೆಯುತ್ತಲೇ ಇರುತ್ತದೆ. ತಾಯಿಯ ಹೆಸರಿನಲ್ಲಿ, ತಂದೆಯ ಹೆಸರಿನಲ್ಲಿ, ಕಲಿಸಿದ ಗುರುಗಳ ಹೆಸರಿನಲ್ಲಿ ಒಂದಿಷ್ಟು ಹಣ ಇಡುತ್ತಾರೆ. ಇಡುವಾಗ ಎಲ್ಲವನ್ನೂ ಬರೆದುಕೊಡುತ್ತಾರೆ: ಮೂಲಧನ ಮುಟ್ಟಬಾರದು, ಬಡ್ಡಿಯಲ್ಲಿ ಮಾತ್ರ ಖರ್ಚು, ಇಂಥ ವಿಷಯದ ಮೇಲೆ ಮಾತು, ಇಂಥ ತಿಂಗಳಲ್ಲಿ ಸಭೆ. ತಾವು ಇಲ್ಲದ ಕಾಲಕ್ಕೂ ನಡೆಯಬೇಕಾದ ಕೆಲಸಕ್ಕೆ ಇಷ್ಟು ಅಚ್ಚುಕಟ್ಟಾಗಿ ವ್ಯವಸ್ಥೆ ಮಾಡುವ ಜನ ಇವರು.

ಅದೇ ಜನ ತಮ್ಮ ಸ್ವಂತ ಮನೆಯ ವಿಷಯಕ್ಕೆ ಬಂದಾಗ ಒಂದು ಸಾಲನ್ನೂ ಬರೆದಿಟ್ಟಿರುವುದಿಲ್ಲ. ಮಾಳಮಡ್ಡಿ, ಸಪ್ತಾಪುರ, ನವನಗರ, ಕೇಶ್ವಾಪುರದ ಎಷ್ಟೋ ಮನೆಗಳಲ್ಲಿ ಈಗ ಇಬ್ಬರೇ ಹಿರಿಯರು, ಇಲ್ಲವೇ ಒಬ್ಬರೇ. ಕರ್ನಾಟಕ ವಿಶ್ವವಿದ್ಯಾಲಯದಿಂದ, ಕೃಷಿ ವಿಶ್ವವಿದ್ಯಾಲಯದಿಂದ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ, ಬ್ಯಾಂಕು–ಶಾಲೆಗಳಿಂದ ನಿವೃತ್ತರಾದವರು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ. ಮನೆಯ ಸಿಟಿ ಸರ್ವೆ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರು ಹಾಗೇ ಇರುತ್ತದೆ. ಆಸ್ತಿಯ ಮಾತು ತೆಗೆದರೆ ಮನೆಯಾಕೆ ತಡೆಯುತ್ತಾರೆ: “ಬಿಡ್ತು ಅನ್ರಿ, ಈಗ್ಯಾಕ ಆ ಮಾತು?” ಆ ಮಾತು ಆಡದೆ ಹೋದ ಮನೆಗಳಲ್ಲಿ ಮುಂದೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲ ಅವರ ಮುಂದೆ ಒಂದು ವರದಿ ಬಂತು. ಪಕ್ಕದ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಒಂದರಲ್ಲೇ ಮಕ್ಕಳು ಬಿಟ್ಟುಹೋದ ಹಿರಿಯರ ಸಂಖ್ಯೆ 150 ದಾಟಿತ್ತು. ಚಿಕಿತ್ಸೆಗೆಂದು ಸೇರಿಸಿ, ಮತ್ತೆ ಕರೆದೊಯ್ಯಲು ಬಾರದ ಪ್ರಕರಣಗಳು ಅವು. ಅಂಥ ಮಕ್ಕಳಿಗೆ ಹೋಗಿರುವ ಆಸ್ತಿ ಪತ್ರಗಳನ್ನು ರದ್ದು ಮಾಡಿಸಲು ಕಂದಾಯ ಅಧಿಕಾರಿಗಳಿಗೆ ದೂರು ಕೊಡಿ ಎಂದು ಸಚಿವರು ವೈದ್ಯಕೀಯ ಸಂಸ್ಥೆಗಳಿಗೆ ಸೂಚಿಸಿದರು. ಈ ಸೂಚನೆಯ ಹಿಂದಿರುವ ತಿಳಿವಳಿಕೆ ಸರಿಯಾದದ್ದು. ಆಸ್ತಿ ಹಂಚುವುದು ಒಂದು ವಿಷಯ, ಹಿರಿಯರನ್ನು ನೋಡಿಕೊಳ್ಳುವುದು ಇನ್ನೊಂದು ವಿಷಯ ಎಂದು ಬೇರೆ ಮಾಡಿದ ಕಡೆಯೇ ಅನಾಹುತ ಶುರುವಾಗುತ್ತದೆ. ಎರಡೂ ಒಂದೇ ಪತ್ರದಲ್ಲಿ ಇರಬೇಕು.

ಪತ್ರ ಯಾವಾಗ ಬರೆಯಬೇಕು ಎಂಬುದಕ್ಕೆ ಈ ಭಾಗದ ಚರಿತ್ರೆಯೇ ಉತ್ತರ ಕೊಡುತ್ತದೆ. 1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಹೊತ್ತಿಗೆ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿದ್ದಾನೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ಪತ್ರ ಹೋಯಿತು. ಥ್ಯಾಕರೆ ನಂಬಲಿಲ್ಲ. ಸಹಿ ನಿಜವೇ, ದತ್ತು ನಡೆದದ್ದು ದೇಸಾಯಿ ಬದುಕಿದ್ದಾಗಲೋ ಸತ್ತ ಮೇಲೋ ಎಂದು ಶಂಕೆ ಎತ್ತಿ ಖಜಾನೆಗೆ ಮುದ್ರೆ ಹಾಕಿಸಿದ. ಮುಂದಿನದು ನಾಡಿಗೇ ಗೊತ್ತು. ರಾಣಿ ಚೆನ್ನಮ್ಮ ಎದ್ದು ನಿಂತರು. ಅಕ್ಟೋಬರ್ 23ರಂದು ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತ. ಕಂಪನಿಗೆ ಸಂಸ್ಥಾನ ನುಂಗುವ ಆಸೆ ಮೊದಲೇ ಇತ್ತು, ಅದು ಬೇರೆ ಮಾತು. ಆದರೆ ಆ ಆಸೆಗೆ ನೆಪ ಸಿಕ್ಕಿದ್ದು ಕೊನೆಗಳಿಗೆಯ ಒಂದು ಕಾಗದದಲ್ಲಿ.

ಕೊನೆಗಳಿಗೆಯ ಕಾಗದವನ್ನು ನ್ಯಾಯಾಲಯಗಳು ಇಂದಿಗೂ ಅದೇ ಶಂಕೆಯ ಕಣ್ಣಿನಿಂದ ನೋಡುತ್ತವೆ. ಮೃತ್ಯುಪತ್ರದ ವಿಷಯದಲ್ಲಿ ದೇಶದ ಎಲ್ಲ ಕೋರ್ಟುಗಳೂ ಇವತ್ತಿಗೂ ಮೊದಲು ತೆರೆಯುವ ತೀರ್ಪು ಕನ್ನಡ ನೆಲದಿಂದಲೇ ಹೋದದ್ದು: 1958ರ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣ. ಅದನ್ನು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡಕರ್ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಅವರು ಹೇಳಿದ್ದರ ತಿರುಳು ಇಷ್ಟು: ಮೃತ್ಯುಪತ್ರ ಬರೆಸಲು ಮುಂದೆ ನಿಂತವರಿಗೇ ದೊಡ್ಡ ಲಾಭವಾಗಿದ್ದರೆ, ಸಹಿ ನಡುಗಿದ್ದರೆ, ಬರೆದವರ ಮನಸ್ಸು ಸ್ವಸ್ಥವಿತ್ತೇ ಎಂಬ ಅನುಮಾನವಿದ್ದರೆ, ಆ ಅನುಮಾನಗಳನ್ನೆಲ್ಲ ತೊಡೆದುಹಾಕುವ ಭಾರ ಪತ್ರವನ್ನು ಮುಂದಿಟ್ಟವರ ಮೇಲೆಯೇ. ಆ ಪ್ರಕರಣದಲ್ಲಿ ಭಾರ ಇಳಿಯಲಿಲ್ಲ; ಪತ್ರ ಬಿದ್ದುಹೋಯಿತು.

ಹಾಗಾಗಿ ಆಸ್ಪತ್ರೆಯ ಹಾಸಿಗೆಯ ಬಳಿ ಬಾಂಡ್ ಪೇಪರ್ ಹಿಡಿದು ನಿಲ್ಲುವುದು ಹಿರಿಯರಿಗೂ ಅವಮಾನ, ಪತ್ರಕ್ಕೂ ಅಪಾಯ. ಅರವತ್ತು ದಾಟಿದ, ಓಡಾಡಿಕೊಂಡಿರುವ ದಿನಗಳೇ ತಕ್ಕ ಕಾಲ. ಕಾನೂನು ಕೇಳುವುದು ಹೆಚ್ಚೇನಿಲ್ಲ. ಬರೆದವರ ಸಹಿ, ಅದನ್ನು ಕಣ್ಣಾರೆ ಕಂಡು ಅವರ ಎದುರಿಗೇ ಸಹಿ ಮಾಡುವ ಇಬ್ಬರು ಸಾಕ್ಷಿಗಳು. ಸ್ಟಾಂಪ್ ಶುಲ್ಕವಿಲ್ಲ, ನೋಂದಣಿ ಕಡ್ಡಾಯವಿಲ್ಲ. ಆದರೂ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಪತ್ರ ಕಳೆದುಹೋಗುವ, ಬದಲಾಗುವ ಭಯ ತಪ್ಪುತ್ತದೆ. ಸಾಕ್ಷಿಗಳು ಬರೆದವರಿಗಿಂತ ಚಿಕ್ಕ ವಯಸ್ಸಿನವರಿರಲಿ. ಮುಂದೆ ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕು. ವಾಕಿಂಗ್ ಗೆಳೆಯರಿಬ್ಬರನ್ನು ಸಾಕ್ಷಿ ಹಾಕಿಸಿ, ಹತ್ತು ವರ್ಷದ ಮೇಲೆ ಆ ಇಬ್ಬರೂ ಇಲ್ಲದೆ ಪರದಾಡಿದ ಕುಟುಂಬಗಳುಂಟು. ಅದೇ ದಿನದ ತಾರೀಖಿನ ವೈದ್ಯರ ಪ್ರಮಾಣಪತ್ರ ಒಂದು ಜೊತೆಗಿದ್ದರೆ ಮನಸ್ಸಿನ ಸ್ಥಿತಿಯ ಪ್ರಶ್ನೆ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ.

ಇಷ್ಟು ಸುಲಭದ ದಾರಿ ಇದ್ದರೂ ಜನ ಹೋಗುವುದು ದಾನಪತ್ರದ ಕಡೆಗೆ. ಹಳಬರು ಬಕ್ಷೀಸು ಪತ್ರ ಎನ್ನುತ್ತಿದ್ದರು. ಕುಟುಂಬದೊಳಗಿನ ದಾನಪತ್ರಕ್ಕೆ ಮಾರಾಟಕ್ಕಿಂತ ಮುದ್ರಾಂಕ ಶುಲ್ಕ ಬಹಳ ಕಡಿಮೆ, ಮಗನ ಹೆಸರಿಗೆ ಮನೆಯಾದರೆ ಬ್ಯಾಂಕ್ ಸಾಲ ಸಿಗುತ್ತದೆ, “ಹೆಂಗಿದ್ರೂ ಅವನಿಗೇ ಹೋಗೂದಲ್ಲ” ಎಂಬ ಮಾತು ಬೇರೆ. ಎರಡಕ್ಕೂ ಇರುವ ಅಂತರವನ್ನು ಬಾಂಡ್ ರೈಟರ್ ಬಿಡಿಸಿ ಹೇಳುವುದು ಕಡಿಮೆ. ಮೃತ್ಯುಪತ್ರ ಜೀವ ಹೋದ ಮೇಲೆ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಾನಪತ್ರ ನೋಂದಣಿಯಾದ ದಿನವೇ ಮನೆ ಕೈಬಿಟ್ಟು ಹೋಗುತ್ತದೆ. ಮನೆ ಕಟ್ಟಿಸಿದ ಅಪ್ಪ ಅಂದಿನಿಂದ ಆ ಮನೆಯಲ್ಲಿ ಮಗನ ದಯೆಯಿಂದ ಇರುವವನು.

ಈ ಅನ್ಯಾಯಕ್ಕೆ ಮದ್ದಾಗಿ ಬಂದದ್ದೇ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ, ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಅದರ 23ನೇ ಕಲಮು ಹೇಳುತ್ತದೆ: ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಬರೆದುಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ಪತ್ರ ಮೋಸದಿಂದಲೋ ಒತ್ತಾಯದಿಂದಲೋ ಆದದ್ದೆಂದು ತಿಳಿದು ನ್ಯಾಯಮಂಡಳಿ ಅದನ್ನು ರದ್ದು ಮಾಡಬಹುದು. ಇಡೀ ಕಲಮು ನಿಂತಿರುವುದು “ಷರತ್ತು” ಎಂಬುದರ ಮೇಲೆ. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದರೆ ಇದು ಕಣ್ಣಿಗೆ ಕಟ್ಟುತ್ತದೆ. 2022ರ ಡಿಸೆಂಬರ್‌ನ ಸುದೇಶ್ ಛಿಕಾರ ಪ್ರಕರಣದಲ್ಲಿ ತಾಯಿಯೊಬ್ಬರು ಹೆಣ್ಣುಮಕ್ಕಳಿಗೆ ಹಕ್ಕು ಬಿಟ್ಟುಕೊಟ್ಟಿದ್ದರು. ಪಾಲನೆಯ ಷರತ್ತು ಇರಲಿಲ್ಲ. ಪತ್ರ ರದ್ದಾಗಲಿಲ್ಲ. 2025ರ ಜನವರಿ 2ರ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಮಧ್ಯಪ್ರದೇಶದ ಛತರ್‌ಪುರದ ತಾಯಿ 2019ರಲ್ಲಿ ಮಗನಿಗೆ ಮನೆ ದಾನ ಮಾಡಿದ್ದರು. ಕೊನೆಯವರೆಗೂ ನೋಡಿಕೊಳ್ಳುತ್ತೇನೆ, ಇಲ್ಲದಿದ್ದರೆ ಮನೆ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂದು ಮಗ ಬರೆದುಕೊಟ್ಟ ವಚನಪತ್ರ ಆಕೆಯ ಬಳಿ ಇತ್ತು. ದಾನಪತ್ರ ರದ್ದಾಯಿತು, ಸ್ವಾಧೀನವನ್ನೂ ತಾಯಿಗೆ ಬಿಡಿಸಿಕೊಡಲು ಆದೇಶವಾಯಿತು. ಎರಡೂ ಕಡೆ ಕೋರ್ಟು ಹುಡುಕಿದ್ದು ಬರಹದಲ್ಲಿರುವ ಆ ಮಾತನ್ನು. ಪ್ರೀತಿ ಎಷ್ಟಿತ್ತು ಎಂದು ಅಳೆಯಲು ಕೋರ್ಟಿಗೆ ಬೇರೆ ಸಾಧನವಿಲ್ಲ.

ಹಾಗಾದರೆ ಆ ಮಾತು ಹೇಗಿರಬೇಕು? ದಾನಪತ್ರ ಮಾಡಲೇಬೇಕೆಂಬ ಕುಟುಂಬ ಇಂಥ ಮೂರು ಸಾಲು ಸೇರಿಸಲು ವಕೀಲರಿಗೆ ಹೇಳಬಹುದು: “ಬರೆದುಕೊಟ್ಟವರು ಹಾಗೂ ಅವರ ಪತ್ನಿ ಬದುಕಿರುವವರೆಗೆ ಈ ಮನೆಯಲ್ಲಿ ವಾಸ ಮಾಡುವ ಹಕ್ಕುಳ್ಳವರಾಗಿರತಕ್ಕದ್ದು. ಅವರ ಊಟ, ಬಟ್ಟೆ, ಔಷಧ, ಆಸ್ಪತ್ರೆಯ ಖರ್ಚು ಮತ್ತು ದಿನನಿತ್ಯದ ಆರೈಕೆ ಬರೆಸಿಕೊಂಡವರ ಹೊಣೆಯಾಗಿರತಕ್ಕದ್ದು. ತಪ್ಪಿದಲ್ಲಿ 2007ರ ಕಾಯ್ದೆಯ 23ನೇ ಕಲಮಿನ ಪ್ರಕಾರ ಈ ಪತ್ರವನ್ನು ರದ್ದುಪಡಿಸಿಕೊಳ್ಳುವ ಹಕ್ಕು ಬರೆದುಕೊಟ್ಟವರಿಗೆ ಇರತಕ್ಕದ್ದು.” ಮಗನಿಗೆ ನೋಡಿಕೊಳ್ಳುವ ಮನಸ್ಸಿದ್ದರೆ ಈ ಸಾಲುಗಳಿಂದ ಅವನಿಗೆ ನಷ್ಟವೇನೂ ಇಲ್ಲ.

ಹುಬ್ಬಳ್ಳಿಯಂಥ ಊರಿನಲ್ಲಿ ಎಲ್ಲರಿಗೂ ಒಂದೇ ಕಾನೂನು ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಮುಸ್ಲಿಂ ಕುಟುಂಬಗಳಲ್ಲಿ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮೃತ್ಯುಪತ್ರದಲ್ಲಿ ಕೊಡಲಾಗದು. ಹಿಬಾ, ಅಂದರೆ ದಾನ, ಮಾಡಿದರೆ ಸ್ವಾಧೀನ ಕೊಡಬೇಕು. ಕ್ರೈಸ್ತರಿಗೆ 1925ರ ಉತ್ತರಾಧಿಕಾರ ಕಾಯ್ದೆ. ಆದರೆ 2007ರ ಕಾಯ್ದೆಗೆ ಜಾತಿ ಧರ್ಮದ ಭೇದವಿಲ್ಲ. ಅರವತ್ತು ತುಂಬಿದ ಯಾರೇ ಆದರೂ ಅದರ ಬಾಗಿಲು ತಟ್ಟಬಹುದು. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ಮುಂದೆ ವಾರಸುದಾರರಾಗುವ ಬಂಧುವಿನಿಂದಲೂ ಪೋಷಣೆ ಕೇಳಬಹುದು.

ಇನ್ನು ಹೆಣ್ಣುಮಕ್ಕಳ ಮಾತು. ಹುಟ್ಟಿನಿಂದಲೇ ಗಂಡುಮಗನಿಗೆ ಪಾಲು ಎಂಬ ಸಿದ್ಧಾಂತವನ್ನು ದೇಶಕ್ಕೆ ಕೊಟ್ಟ ಮಿತಾಕ್ಷರ, ಕಲ್ಯಾಣದ ಚಾಲುಕ್ಯರ ಆಸ್ಥಾನದಲ್ಲಿ ವಿಜ್ಞಾನೇಶ್ವರ ಬರೆದದ್ದು. ಅದೇ ಕನ್ನಡ ನಾಡು 1994ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ತಂದಿತು, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು. 2005ರ ಕೇಂದ್ರ ತಿದ್ದುಪಡಿಯ ಅರ್ಥದ ಬಗ್ಗೆ ಸುಪ್ರೀಂ ಕೋರ್ಟಿನವರೆಗೆ ಹೋದ ದೊಡ್ಡ ಜಗಳಗಳಲ್ಲಿ ಎರಡು ಈ ಭಾಗದವೇ. ಫೂಲಾವತಿ ಪ್ರಕರಣ 1992ರಲ್ಲಿ ಬೆಳಗಾವಿಯಲ್ಲಿ ಹೂಡಿದ ಪಾಲು ದಾವೆ, ತೀರ್ಪು 2015ರಲ್ಲಿ. ದಾನಮ್ಮ ಪ್ರಕರಣ ಮುದ್ದೇಬಿಹಾಳದಿಂದ ಹೊರಟು 2018ರಲ್ಲಿ ಮುಗಿಯಿತು. ತಂದೆ ಬದುಕಿರಲಿ ಬಿಡಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಇತ್ಯರ್ಥವಾಯಿತು. ಇಷ್ಟಾದರೂ ಪಂಚಮಿಗೆ ತವರಿಗೆ ಬಂದ ಮಗಳಿಗೆ ಸೀರೆ ಉಡಿಸಿ, ಮರುದಿನ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವುದು ನಿಂತಿಲ್ಲ. ಅದು ತಪ್ಪು. 2007ರ ಕಾಯ್ದೆಯಲ್ಲಿ ತಂದೆತಾಯಿಯ ಹೊಣೆ ಮಗ–ಮಗಳು ಇಬ್ಬರಿಗೂ ಸಮವಾಗಿ ಇದೆ. ಪಾಲು ಕಿತ್ತುಕೊಂಡು ಹೊಣೆ ಹೊರಿಸುವುದು ಯಾವ ನ್ಯಾಯ?

ಸೊಸೆಯ ಸ್ಥಿತಿ ಇನ್ನೂ ವಿಚಿತ್ರ. ಅತ್ತೆಯ ಹಾಸಿಗೆ ಒಗೆಯುವವಳು, ಮಾವನ ಮಾತ್ರೆ ಎಣಿಸಿ ಕೊಡುವವಳು, ರಾತ್ರಿ ಎರಡು ಸಲ ಎದ್ದು ಬಾತ್‌ರೂಮಿಗೆ ಕೈಹಿಡಿದು ಕರೆದೊಯ್ಯುವವಳು ಹೆಚ್ಚಿನ ಮನೆಗಳಲ್ಲಿ ಅವಳೇ. ಗಂಡ ಬದುಕಿರುವವರೆಗೆ ಹಿಂದೂ ಉತ್ತರಾಧಿಕಾರದಲ್ಲಿ ಅವಳಿಗೆ ಅತ್ತೆ–ಮಾವನ ಆಸ್ತಿಯಲ್ಲಿ ನೇರ ಪಾಲಿಲ್ಲ. 2007ರ ಕಾಯ್ದೆಯ “ಮಕ್ಕಳು” ಎಂಬ ಪಟ್ಟಿಯಲ್ಲೂ ಅವಳಿಲ್ಲ. ಧಾರವಾಡ ತಾಲೂಕಿನ ಲೋಕೂರಿನ ನರಸಿಂಗನವರ ಕುಟುಂಬದಂತೆ ನೂರಕ್ಕೂ ಹೆಚ್ಚು ಜನ ಒಟ್ಟಿಗಿದ್ದ ಮನೆಯಲ್ಲಿ ಈ ದುಡಿಮೆ ಹತ್ತಾರು ಕೈಗಳಿಗೆ ಹಂಚಿಹೋಗುತ್ತಿತ್ತು. ಈಗ ಅದು ಒಬ್ಬಳ ಮೇಲೆ ಬೀಳುತ್ತದೆ. ಅವಳು ನೌಕರಿ ಬಿಟ್ಟಿದ್ದರೆ ಆ ಸಂಬಳವೂ ಆರೈಕೆಯ ಖರ್ಚೇ, ಯಾರೂ ಲೆಕ್ಕ ಹಾಕದ ಖರ್ಚು. ಅದನ್ನು ಸರಿಪಡಿಸುವ ಶಕ್ತಿ ಮೃತ್ಯುಪತ್ರಕ್ಕೆ ಇದೆ. ಸ್ವಯಾರ್ಜಿತ ಆಸ್ತಿಯಲ್ಲಿ ನೋಡಿಕೊಂಡ ಸೊಸೆಗೆ, ಹತ್ತಿರವಿದ್ದು ಸೇವೆ ಮಾಡಿದ ಮಗಳಿಗೆ, ವರ್ಷಗಟ್ಟಲೆ ಮನೆಗೆ ಬಂದು ದುಡಿದ ಕೆಲಸದವಳಿಗೆ ಹೆಸರು ಹೇಳಿ ಇಂತಿಷ್ಟು ಎಂದು ಬರೆಯಬಹುದು. ಏಕೆ ಕೊಟ್ಟೆ ಎಂಬ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದರೆ ಆಮೇಲಿನ ಜಗಳ ಎಷ್ಟೋ ಕಡಿಮೆಯಾಗುತ್ತದೆ. ಪಿತ್ರಾರ್ಜಿತದಲ್ಲಿ ಮಾತ್ರ ಬರೆಯುವವರ ಅಧಿಕಾರ ಅವರ ಸ್ವಂತ ಹಿಸ್ಸೆಗಷ್ಟೇ.

ಸಾವಿಗಿಂತ ಮೊದಲು ಬರುವ ಒಂದು ಕಷ್ಟಕ್ಕೆ ಯಾರೂ ತಯಾರಾಗಿರುವುದಿಲ್ಲ: ಮರೆವು. ದೇಶದ ಅರವತ್ತು ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ ಎಂದು ರಾಷ್ಟ್ರಮಟ್ಟದ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತು. ಮರೆವು ಬಂದ ಮನೆಯಲ್ಲಿ ಮೊದಲು ನಿಲ್ಲುವುದು ಬ್ಯಾಂಕಿನ ವ್ಯವಹಾರ. ಚೆಕ್ಕಿನ ಸಹಿ ಕೂಡುವುದಿಲ್ಲ, ಒಟಿಪಿ ಕೇಳಿದರೆ ಅಪ್ಪ ಟಿವಿಯ ರಿಮೋಟ್ ಕೊಡುತ್ತಾರೆ. “ಜನರಲ್ ಪವರ್ ಆಫ್ ಅಟಾರ್ನಿ ಐತಲ್ಲ” ಎಂದು ಮಗ ಧೈರ್ಯವಾಗಿರುತ್ತಾನೆ. ಕರಾರು ಕಾಯ್ದೆಯ 201ನೇ ಕಲಮಿನಂತೆ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದೊಡನೆ ಆ ಅಧಿಕಾರಪತ್ರ ಅಲ್ಲಿಗೇ ಮುಗಿಯಿತು. ಇಂಗ್ಲೆಂಡಿನಂಥ ದೇಶಗಳಲ್ಲಿ ಬುದ್ಧಿ ತಪ್ಪಿದ ಮೇಲೂ ಊರ್ಜಿತವಾಗಿರುವ ಅಧಿಕಾರಪತ್ರಕ್ಕೆ ಕಾನೂನಿದೆ, ಇಲ್ಲಿ ಇಲ್ಲ. ಆಮೇಲೆ ಉಳಿಯುವುದು ಹೈಕೋರ್ಟಿನ ದಾರಿ. ಪ್ರಜ್ಞೆಯಿಲ್ಲದ ವ್ಯಕ್ತಿಗಳಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿ ಹಾಕಿಕೊಟ್ಟಿತು. ಧಾರವಾಡದಲ್ಲಿ 2008ರಿಂದ ಹೈಕೋರ್ಟ್ ಪೀಠ ಇರುವುದರಿಂದ ಬೆಂಗಳೂರಿಗೆ ಅಲೆಯುವುದು ತಪ್ಪಿದೆ. ಆದರೂ ಅಮ್ಮನ ಸ್ವಂತ ಠೇವಣಿಯಿಂದ ಅಮ್ಮನ ಔಷಧಕ್ಕೆ ದುಡ್ಡು ತೆಗೆಯಲು ರಿಟ್ ಅರ್ಜಿ ಹಾಕುವ ಪರಿಸ್ಥಿತಿ ಯಾರಿಗೂ ಬೇಡ. ಸಂಸತ್ತು ಈ ಕೊರತೆಯನ್ನು ತುಂಬಬೇಕು.

ಅಲ್ಲಿಯವರೆಗೆ ಕುಟುಂಬಗಳು ಮಾಡಬಹುದಾದದ್ದಿದೆ. ಪಿಂಚಣಿ ಬರುವ ಖಾತೆಯನ್ನು ಸಂಗಾತಿಯ ಜೊತೆ, ಉಳಿತಾಯ ಖಾತೆಯೊಂದನ್ನು ನಂಬಿಕೆಯ ಮಗ ಅಥವಾ ಮಗಳ ಜೊತೆ “ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು” ಎಂಬ ಷರತ್ತಿನಲ್ಲಿ ಜಂಟಿ ಮಾಡಿಡುವುದು. ಸಹಿ ಮಾಡಲಾಗದವರಿಂದ ಹೆಬ್ಬೆಟ್ಟು ಪಡೆದು ಹಣ ಕೊಡಲು ರಿಸರ್ವ್ ಬ್ಯಾಂಕಿನ ನಿಯಮವಿದೆ, ಎಪ್ಪತ್ತು ದಾಟಿದವರ ಮನೆಬಾಗಿಲಿಗೆ ಬ್ಯಾಂಕ್ ಸೇವೆ ಕೊಡಬೇಕೆಂದು 2017ರಲ್ಲಿ ಸೂಚನೆಯೂ ಹೊರಟಿದೆ. ಶಾಖೆಯಲ್ಲಿ ಕೇಳಿ ಪಡೆಯಬೇಕು. ನವೆಂಬರ್‌ನ ಜೀವಂತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೇ ಸಲ್ಲಿಸಬಹುದು. ಮರೆವಿನ ಮೊದಲ ಲಕ್ಷಣ ಕಂಡಾಗಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ತೋರಿಸಲು ಸಂಕೋಚಪಡಬಾರದು. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಶುರುವಾದ ಸಂಸ್ಥೆ ಎಂಬ ಹಳೆಯ ಅಂಜಿಕೆಯಿಂದಲೇ ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ತಡ ಮಾಡುತ್ತವೆ. ರೋಗ ಇನ್ನೂ ಹಗುರವಿದ್ದಾಗ ಮಾಡಿದ ಮೃತ್ಯುಪತ್ರವನ್ನು ವೈದ್ಯರ ಬೆಂಬಲದಿಂದ ಉಳಿಸಿಕೊಳ್ಳಬಹುದು, ಬಲಿತ ಮೇಲೆ ಆಗುವುದಿಲ್ಲ.

ನಾಮಿನಿ ಬಗ್ಗೆ ಒಂದೇ ಮಾತು ಸಾಕು. ಬ್ಯಾಂಕ್ ಠೇವಣಿಗೆ, ಷೇರಿಗೆ ನಾಮಿನಿಯಾದವರು ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರೇ ಹೊರತು ಮಾಲೀಕರಲ್ಲ. ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2023ರ ಡಿಸೆಂಬರ್‌ನಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಮೃತ್ಯುಪತ್ರದಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು ಇರದಂತೆ ನೋಡಿಕೊಂಡರೆ ಅಣ್ಣತಮ್ಮಂದಿರ ಒಂದು ವ್ಯಾಜ್ಯ ತಪ್ಪಿತು.

ಕೊನೆಯ ದಿನಗಳ ಚಿಕಿತ್ಸೆಯನ್ನೂ ಬರೆದಿಡಬಹುದು. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಒಪ್ಪಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳ ಮಾಡಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ತಮ್ಮ ಪರವಾಗಿ ತೀರ್ಮಾನಿಸುವ ಆಪ್ತರ ಹೆಸರು ಇಷ್ಟಿದ್ದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದಾಗ, ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರ ಹೆಸರು ಎಲ್ಲ ಪತ್ರಿಕೆಗಳಲ್ಲೂ ಬಂತು. ಬೆಂಗಳೂರಿನಿಂದ ವಂದೇ ಭಾರತ್ ಹಿಡಿದು ಮಗ ಬರುವಷ್ಟರಲ್ಲಿ ಅಮ್ಮನಿಗೆ ವೆಂಟಿಲೇಟರ್ ಹಾಕಬೇಕೋ ಬೇಡವೋ ಎಂದು ಪಕ್ಕದ ಮನೆಯವರು ಉತ್ತರಿಸಬೇಕಾಗಿ ಬರುವ ಊರಿನಲ್ಲಿ ಈ ಪತ್ರದ ಬೆಲೆ ದೊಡ್ಡದು.

ಇಷ್ಟೆಲ್ಲ ಕೇಳಿದ ಮೇಲೂ ಷರತ್ತು ಬರೆಯದೆ ಆಸ್ತಿ ಕೊಟ್ಟುಬಿಟ್ಟವರು, ಈಗಾಗಲೇ ಕಷ್ಟದಲ್ಲಿರುವವರು ಇದ್ದೇ ಇರುತ್ತಾರೆ. ಅವರು ಸುಮ್ಮನಿರಬಾರದು. 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಮುಖ್ಯಸ್ಥರು, ಮೇಲ್ಮನವಿ ಜಿಲ್ಲಾಧಿಕಾರಿಗೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿ ಪೋಷಣಾ ವೆಚ್ಚ ಕೊಡಿಸಬಹುದು. 2007ರಲ್ಲಿ ಹಾಕಿದ ಈ ಮಿತಿ ಇಂದಿನ ಔಷಧದ ಬೆಲೆಗೆ ಯಾವ ಮೂಲೆಗೂ ಸಾಲದು, ಅದನ್ನು ಏರಿಸಲೇಬೇಕು. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಅರ್ಜಿಗೆ ವಕೀಲರು ಬೇಕಿಲ್ಲ. ನಡೆಯಲಾಗದವರ ಪರವಾಗಿ ನೆರೆಯವರೋ ಸಂಸ್ಥೆಯೋ ಅರ್ಜಿ ಹಾಕಬಹುದು, ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ನೋಟಿಸ್ ತಲುಪಿದ 90 ದಿನಗಳೊಳಗೆ ಪೋಷಣೆಯ ಅರ್ಜಿ ತೀರ್ಮಾನವಾಗಬೇಕು ಎಂದು ಕಾಯ್ದೆಯಲ್ಲೇ ಬರೆದಿದೆ.